ಸುಂಟಿಕೊಪ್ಪದ ಮಳೆಯಲ್ಲಿ ಕ್ಲಬ್ ವಿಶ್ವಕಪ್ ಫೈನಲ್

ಜುಲೈ 11, ಶುಕ್ರವಾರ

ಮೈಸೂರಿನಿಂದ ಮಡಿಕೇರಿ ಬಸ್ಸು ಹೊರಟಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಹುಣಸೂರು ದಾಟುವವರೆಗೆ ಬಿಸಿಲಿತ್ತು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ಮೇಲೆ ಮೋಡ ಕಟ್ಟಿಕೊಂಡಿತ್ತು, ಬೈಲಕುಪ್ಪೆಯನ್ನು ಹಿಂದೆ ಹಾಕಿ ಕಾವೇರಿ ಸೇತುವೆಯ ಮೇಲಿಂದ ಕುಶಾಲನಗರವನ್ನು ಹೊಗುವಷ್ಟರಲ್ಲಿ ಕಿಟಕಿಯ ಗಾಜು ಪೂರ್ತಿ ಮಸುಕಾಗಿತ್ತು. ಗುಡ್ಡೆಹೊಸೂರಿನಿಂದ ಮುಂದೆ ರಸ್ತೆ ಏರತೊಡಗುತ್ತದೆ, ಎರಡೂ ಬದಿಗೆ ಕಾಫಿ ತೋಟಗಳು ಶುರುವಾಗುತ್ತವೆ. ಸುಂಟಿಕೊಪ್ಪದಲ್ಲಿ ಇಳಿದಾಗ ಕೊಡೆ ಬಿಚ್ಚುವ ಮೊದಲೇ ಹೆಗಲು ತೊಯ್ದಿತ್ತು.

ನಾನು ಹುಟ್ಟಿ ಬೆಳೆದ ಊರು ಇದು. ಮಾದಾಪುರ ರಸ್ತೆಯಲ್ಲಿ ಅಕ್ಕನ ಮನೆಯಿದೆ. ಹಬ್ಬಕ್ಕೋ ಮದುವೆಗೋ ಬರುವುದು ರೂಢಿಯಾದರೂ ಈ ಸಲ ಬಂದದ್ದು ಒಂದು ಫುಟ್‌ಬಾಲ್ ಪಂದ್ಯಕ್ಕಾಗಿ. ಗುರುವಾರ ಬೆಳಿಗ್ಗೆ ಅಕ್ಕನ ಮಗ ಫೋನ್ ಮಾಡಿ, "ಮಾವ, ಪಿಎಸ್‌ಜಿ ರಿಯಲ್ ಮ್ಯಾಡ್ರಿಡ್‌ಗೆ ನಾಲ್ಕು ಗೋಲು ಹೊಡೆದಿದೆ. ಫೈನಲ್ ಚೆಲ್ಸಿ ಜೊತೆ. ಈ ಸಲ ನೀವು ಇಲ್ಲಿಗೇ ಬನ್ನಿ, ಒಟ್ಟಿಗೆ ನೋಡೋಣ" ಎಂದಿದ್ದ. ಪಿಎಸ್‌ಜಿ ಎಂದರೆ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್, ಚೆಲ್ಸಿ ಲಂಡನ್ನಿನ ಕ್ಲಬ್. ಅವನಿಗೆ ಹದಿನೇಳು ವರ್ಷ. ಪಿಯುಸಿ ಓದುತ್ತ ಕಾಲೇಜು ತಂಡದಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯನ್ನು ಕಾಯುವ ಡಿಫೆಂಡರ್ ಆಗಿ ಆಡುತ್ತಾನೆ. ಚೆಂಡನ್ನು ಎಡಗಾಲಿನಿಂದ ಹೊಡೆಯುವುದನ್ನು ಅವನಿಗೆ ಕಲಿಸಿದವನು ನಾನು, ಹಾಗಾಗಿ ಆ ಕರೆಯನ್ನು ತಳ್ಳಿಹಾಕುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಈ ಟೂರ್ನಿಯ ಬಗ್ಗೆ ಎರಡು ಮಾತು ಹೇಳಬೇಕು. ಕ್ಲಬ್ ವಿಶ್ವಕಪ್ ಹಿಂದೆ ಏಳು ತಂಡಗಳ ಪುಟ್ಟ ಪಂದ್ಯಾವಳಿಯಾಗಿತ್ತು. ಖಂಡಗಳ ಚಾಂಪಿಯನ್ನರು ಹತ್ತಾರು ದಿನ ಒಂದೆಡೆ ಸೇರಿ ಆಡಿ ಹೋಗುತ್ತಿದ್ದರು, ಚೆಲ್ಸಿಯೇ 2022ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಬ್ರೆಜಿಲಿನ ಪಾಲ್ಮೆರಾಸ್ ತಂಡವನ್ನು ಸೋಲಿಸಿ ಆ ಕಪ್ ಗೆದ್ದಿತ್ತು. ಫಿಫಾ ಅದನ್ನು ನಾಲ್ಕು ವರ್ಷಕ್ಕೊಮ್ಮೆ 32 ತಂಡಗಳು ಆಡುವ ಟೂರ್ನಿಯನ್ನಾಗಿ ಹಿಗ್ಗಿಸಿ, 2025ರ ಜೂನ್ 14ರಿಂದ ಅಮೆರಿಕದ 12 ಕ್ರೀಡಾಂಗಣಗಳಲ್ಲಿ ಮೊದಲ ಬಾರಿಗೆ ನಡೆಸಿತು. ಒಟ್ಟು ಬಹುಮಾನ 100 ಕೋಟಿ ಡಾಲರ್. ಆಟಗಾರರಿಗೆ ಬಿಡುವೇ ಇಲ್ಲದಂತಾಯಿತು ಎಂಬ ದೂರು ಯುರೋಪಿನಲ್ಲಿ ಜೋರಾಗಿತ್ತು, ಆ ದೂರಿನಲ್ಲಿ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಒಂದು ತಿಂಗಳು ನಾನು ಒಂದು ದಿನವೂ ಅದನ್ನು ನೋಡದೆ ಬಿಡಲಿಲ್ಲ.

ಮನೆ ತಲುಪಿದಾಗ ಅಕ್ಕ ಒಲೆಯ ಮುಂದೆ ನನ್ನನ್ನು ಕೂರಿಸಿ, ಟವೆಲ್ ಕೊಟ್ಟು, ಬೆಲ್ಲದ ಕಾಫಿ ಕೊಟ್ಟಳು. ಭಾವ ಅಂಗಳದ ಮಳೆಮಾಪಕದ ಬಗ್ಗೆ ಮಾತಾಡಿದರು. ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ಅಳೆಯುತ್ತಾರೆ, ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಭಾವನ ಹತ್ತಿರ ಅವರ ತಂದೆಯ ಕಾಲದಿಂದ ಬರೆದಿಟ್ಟ ಪುಸ್ತಕಗಳಿವೆ. ಅಂದು ಬೆಳಿಗ್ಗೆಯ ಲೆಕ್ಕ ಎರಡು ಇಂಚು ನಲವತ್ತು ಸೆಂಟ್. "ಹೀಗೇ ಹುಯ್ದರೆ ಭಾನುವಾರ ರಾತ್ರಿ ಕರೆಂಟ್ ಇರುವುದು ಅನುಮಾನ" ಎಂದರು. ಅಳಿಯನ ಮುಖ ಬಾಡಿತು.

ಜುಲೈ 12, ಶನಿವಾರ

ಬೆಳಿಗ್ಗೆ ಮಳೆ ಸ್ವಲ್ಪ ಹಿಡಿದಾಗ ನಾನೂ ಅಳಿಯನೂ ಪೇಟೆಗೆ ಇಳಿದು ಶಾಲಾ ಮೈದಾನದವರೆಗೆ ಹೋಗಿ ಬಂದೆವು. ಕೊಡಗು ಎಂದರೆ ಹೊರಗಿನವರಿಗೆ ಹಾಕಿ ನೆನಪಾಗುತ್ತದೆ, ಅದು ಸಹಜವೂ ಹೌದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ 2025ರಲ್ಲಿ ಮಡಿಕೇರಿಯಲ್ಲಿ 396 ತಂಡಗಳು ಹೆಸರು ನೋಂದಾಯಿಸಿದ್ದವು. ಆದರೆ ಸುಂಟಿಕೊಪ್ಪ ಫುಟ್‌ಬಾಲಿನ ಊರು. ಕನ್ನಡ, ಮಲಯಾಳ, ತುಳು, ಕೊಡವ ತಕ್ಕ್, ಅರೆಭಾಷೆ ಎಲ್ಲ ಕೇಳಿಬರುವ ಈ ಪೇಟೆಯಲ್ಲಿ ಗೋಲ್ಡ್ ಕಪ್ ಪಂದ್ಯಾವಳಿ ನಡೆಯುವ ದಿನಗಳಲ್ಲಿ ಅಂಗಡಿಯವರು ಸಂಜೆ ಬೇಗ ಬಾಗಿಲು ಎಳೆಯುತ್ತಾರೆ. ನಾನು ಬಾಲ್ಯದಲ್ಲಿ ಆ ಮೈದಾನದ ಬದಿಯ ದಿಣ್ಣೆಯ ಮೇಲೆ ಕುಳಿತು, ಕೇರಳದಿಂದ ಬಂದ ತಂಡಗಳ ಆಟವನ್ನು ಉಸಿರು ಬಿಗಿಹಿಡಿದು ನೋಡಿದ್ದೇನೆ.

ಮೈದಾನದಲ್ಲಿ ನೀರು ನಿಂತಿತ್ತು. ಅಂಚಿನಲ್ಲಿ ನಿಂತು ಅಳಿಯ ಆಕ್ಲೆಂಡ್ ಸಿಟಿಯ ಕಥೆ ತೆಗೆದ. ಈ ಟೂರ್ನಿಯಲ್ಲಿ ಅವನಿಗೆ ಅತ್ಯಂತ ಪ್ರಿಯವಾದದ್ದು ಅದೇ. ನ್ಯೂಜಿಲೆಂಡಿನ ಆ ತಂಡದವರು ಹವ್ಯಾಸಿಗಳು, ಬೇರೆ ಬೇರೆ ಉದ್ಯೋಗದಿಂದ ರಜೆ ಹಾಕಿ ಬಂದವರು. ಮೊದಲ ಪಂದ್ಯದಲ್ಲಿ ಬಯರ್ನ್ ಮ್ಯೂನಿಕ್ ಅವರಿಗೆ 10 ಗೋಲು ಹೊಡೆಯಿತು, ಎರಡನೆಯದರಲ್ಲಿ ಬೆನ್ಫಿಕಾ 6 ಹೊಡೆಯಿತು. ಮೂರನೆಯ ಪಂದ್ಯದಲ್ಲಿ ಅರ್ಜೆಂಟೀನಾದ ಹೆಸರಾಂತ ಬೋಕಾ ಜೂನಿಯರ್ಸ್ ಎದುರು, ಶಿಕ್ಷಕ ವೃತ್ತಿಯ ಕ್ರಿಶ್ಚಿಯನ್ ಗ್ರೇ ಎಂಬ ಡಿಫೆಂಡರ್ ಕಾರ್ನರ್‌ನಿಂದ ಬಂದ ಚೆಂಡನ್ನು ತಲೆಯಿಂದ ಒಳಕ್ಕೆ ಹಾಕಿ, ಪಂದ್ಯ 1–1ರಲ್ಲಿ ಮುಗಿಯಿತು. "ಹದಿನಾರು ಗೋಲು ತಿಂದ ಮೇಲೂ ಕಾರ್ನರ್‌ಗೆ ಓಡಿಹೋಗಿದ್ದಾನಲ್ಲ ಮಾವ, ಅದು ನನಗೆ ಇಷ್ಟ" ಎಂದ. ನಾನು ಬೇರೇನೂ ಸೇರಿಸಲಿಲ್ಲ.

ಮಧ್ಯಾಹ್ನದಿಂದ ಮತ್ತೆ ಮಳೆ. ಸಂಜೆ ಕರೆಂಟ್ ಹೋದದ್ದು ರಾತ್ರಿ ಬರಲಿಲ್ಲ.

ಜುಲೈ 13, ಭಾನುವಾರ

ಮನೆಯ ಕೆಳಗಿನ ಗದ್ದೆಯನ್ನು ಟಿಲ್ಲರ್ ಹೊಡೆಸಿ, ನೀರು ಕಟ್ಟಿ ಹದ ಮಾಡಿದ್ದರು. ನಾಟಿಗೆ ನಾಲ್ಕು ದಿನವಿತ್ತು. ಆಷಾಢದಲ್ಲಿ ಊರೂರಿಗೆ ಕೆಸರುಗದ್ದೆ ಕ್ರೀಡಾಕೂಟ ನಡೆಯುವ ಜಿಲ್ಲೆಯಿದು, ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಅಕ್ಕಪಕ್ಕದ ಹದಿನಾಲ್ಕು ಹುಡುಗರು ಯಾರೂ ಕರೆಯದೆಯೇ ಸೇರಿದರು. ನಾಲ್ಕು ಬಿದಿರು ಗಳ ನೆಟ್ಟರೆ ಗೋಲು ಸಿದ್ಧವಾಯಿತು. ಭಾವ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ರೆಫರಿಯಾಗಿ ನಿಂತರು. ಯೌವನದಲ್ಲಿ ಅವರು ತೋಟದ ತಂಡದ ಪರವಾಗಿ ಹಾಫ್ ಬ್ಯಾಕ್ ಆಡಿದವರು.

ಕೆಸರಿನಲ್ಲಿ ಆಡಿ ಗೊತ್ತಿಲ್ಲದವರು ಮೊದಲ ಐದು ನಿಮಿಷ ಚೆಂಡನ್ನು ನೆಲದ ಮೇಲೆಯೇ ಪಾಸ್ ಮಾಡಲು ಹೋಗುತ್ತಾರೆ. ಚೆಂಡು ಎರಡು ಮಾರು ದೂರ ಹೋಗಿ ಹೂತು ನಿಂತುಬಿಡುತ್ತದೆ, ಎದುರಾಳಿಗಳು ನಾಲ್ಕು ಜನ ಅದರ ಮೇಲೆ ಬೀಳುತ್ತಾರೆ. ಅಳಿಯನ ತಂಡ ಹಾಗೆಯೇ ಎರಡು ಗೋಲು ತಿಂದಿತು. ಆಗ ಭಾವ ರೆಫರಿಯ ಕೆಲಸ ಮರೆತು ಬದುವಿನಿಂದಲೇ ಕೂಗಿದರು: "ಎತ್ತಿ ಹಾಕೋ! ಕೆಸರಿನ ಮೇಲಿಂದ ಎತ್ತಿ ಹಾಕು, ಆ ಬದುವಿನ ಹತ್ತಿರ ಗಟ್ಟಿ ನೆಲ ಇದೆ ನೋಡು!" ಗದ್ದೆಯ ಬಲ ಅಂಚಿನಲ್ಲಿ ಒಂದು ಪಟ್ಟಿಯಷ್ಟು ನೆಲ ನಿಜಕ್ಕೂ ಗಟ್ಟಿಯಾಗಿತ್ತು, ಟಿಲ್ಲರ್ ಅಲ್ಲಿಗೆ ಸರಿಯಾಗಿ ತಿರುಗಿರಲಿಲ್ಲ. ಅಳಿಯ ಚೆಂಡನ್ನು ಕೈಯಲ್ಲಿ ಒರೆಸಿ, ಬಲಕ್ಕೆ ಉದ್ದಕ್ಕೆ ಎತ್ತಿ ಹೊಡೆಯತೊಡಗಿದ. ಅಲ್ಲಿ ಕಾಯುತ್ತಿದ್ದ ಹುಡುಗನೊಬ್ಬ ಅದೇ ಪಟ್ಟಿಯ ಮೇಲೆ ಓಡಿ ಮೂರು ಗೋಲು ಹಾಕಿದ. ಅಂದು ರಾತ್ರಿ ಇದನ್ನು ಮತ್ತೆ ನೋಡುತ್ತೇವೆಂದು ಯಾರಿಗೂ ಗೊತ್ತಿರಲಿಲ್ಲ.

ಊಟಕ್ಕೆ ಅಕ್ಕ ಕಡಂಬುಟ್ಟು ಮತ್ತು ಕಣಿಲೆ ಸಾರು ಮಾಡಿದ್ದಳು. ಮಧ್ಯಾಹ್ನ ಕರೆಂಟ್ ಬಂದ ಕೂಡಲೇ ಮನೆಯಲ್ಲಿದ್ದ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿದೆವು, ಯುಪಿಎಸ್ ಬ್ಯಾಟರಿಗೆ ನೀರು ತುಂಬಿದೆವು. ಜೋರು ಮಳೆಯಲ್ಲಿ ಡಿಶ್ ಹಿಡಿಯುವುದಿಲ್ಲವಾದ್ದರಿಂದ ಫೋನಿನ ನೆಟ್‌ವರ್ಕನ್ನೇ ಟಿವಿಗೆ ಜೋಡಿಸಿದೆವು. ಪಕ್ಕದ ಲೈನ್‌ಮನೆಯಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಿಂದ, ಒಬ್ಬರು ಹಿರಿಯರು ತಮ್ಮ ಮೊಮ್ಮಗನನ್ನು ಕರೆದುಕೊಂಡು ಬಂದರು. ಅಕ್ಕ ಮಲಗುತ್ತೇನೆಂದವಳು ಕಂಬಳಿ ಹೊದ್ದು ಬಾಗಿಲ ಹತ್ತಿರ ಕುಳಿತಳು.

ಆ ರಾತ್ರಿ

ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿರುವ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಅದು ಭಾನುವಾರ ಮಧ್ಯಾಹ್ನದ ಮೂರು ಗಂಟೆ, ನಮಗೆ ಸೋಮವಾರಕ್ಕೆ ಕಾಲಿಟ್ಟ ರಾತ್ರಿ ಹನ್ನೆರಡೂವರೆ. ಅಲ್ಲಿ 81,118 ಪ್ರೇಕ್ಷಕರಿದ್ದರು, ಅಮೆರಿಕದ ಅಧ್ಯಕ್ಷ ಟ್ರಂಪ್ ಕೂಡ ಬಂದಿದ್ದರು. ಇಲ್ಲಿ ನಾವು ಆರು ಜನ. ಪಡಸಾಲೆಯ ಮುಂದಿನ ಶೀಟಿನ ಮೇಲೆ ಮಳೆ ಎಷ್ಟು ಬಿರುಸಾಗಿ ಬೀಳುತ್ತಿತ್ತೆಂದರೆ ಟಿವಿಯ ದನಿಯನ್ನು ಪೂರ್ತಿ ಏರಿಸಿದರೂ ಕಾಮೆಂಟರಿ ಕೇಳಿಸುತ್ತಿರಲಿಲ್ಲ. ಕೊನೆಗೆ ಭಾವ ದನಿಯನ್ನೇ ತೆಗೆದುಬಿಟ್ಟರು. ವಿವರಣೆ ಇಲ್ಲದಿದ್ದಾಗ ಕಣ್ಣು ಚೆಂಡನ್ನು ಬಿಟ್ಟು ಆಟಗಾರರ ಓಟವನ್ನು ಹಿಂಬಾಲಿಸತೊಡಗುತ್ತದೆ. ಈ ಫೈನಲನ್ನು ಹಾಗೆ ನೋಡಿದ್ದೇ ಒಳ್ಳೆಯದಾಯಿತು.

ಎಲ್ಲರ ಲೆಕ್ಕದಲ್ಲಿ ಗೆಲ್ಲುವ ತಂಡ ಪ್ಯಾರಿಸ್ ಸೇಂಟ್ ಜರ್ಮೈನ್. ಮೇ 31ರಂದು ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 5–0ಯಿಂದ ಸೋಲಿಸಿದ್ದ ತಂಡವದು, ಆ ಫೈನಲ್‌ಗಳ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರದ ಗೆಲುವು ಬೇರೊಂದಿಲ್ಲ. ಈ ಟೂರ್ನಿಯಲ್ಲೂ ಆರು ಪಂದ್ಯಗಳಲ್ಲಿ 16 ಗೋಲು ಹೊಡೆದು, ಬೊಟಾಫೊಗೊ ಎದುರು ಒಂದೇ ಒಂದು ಗೋಲು ಬಿಟ್ಟುಕೊಟ್ಟಿತ್ತು. ಕೋಚ್ ಲೂಯಿಸ್ ಎನ್ರಿಕೆ ಆ ತಂಡಕ್ಕೆ ಕಲಿಸಿದ್ದು ಎದುರಾಳಿ ಚೆಂಡು ಮುಟ್ಟಿದ ಕೂಡಲೇ ಗುಂಪಾಗಿ ಮುತ್ತಿಕೊಳ್ಳುವ ಆಟ. ಎದುರಾಳಿ ತನ್ನ ಗೋಲಿನ ಹತ್ತಿರದಿಂದ ಸಣ್ಣ ಸಣ್ಣ ಪಾಸ್‌ಗಳಲ್ಲಿ ಹೊರಬರಲು ಹೋದರೆ ಚೆಂಡು ಅಲ್ಲೇ ಹೂತುಹೋಗುತ್ತದೆ.

ಚೆಲ್ಸಿಯ ದಾರಿ ಒರಟಾಗಿತ್ತು. ಗುಂಪಿನ ಹಂತದಲ್ಲಿ ಫ್ಲಾಮೆಂಗೊಗೆ 1–3ರಿಂದ ಸೋತಿತ್ತು. ಷಾರ್ಲಟ್‌ನಲ್ಲಿ ಬೆನ್ಫಿಕಾ ಎದುರು 86ನೇ ನಿಮಿಷದಲ್ಲಿ ಸಿಡಿಲಿನ ಭಯಕ್ಕೆ ಆಟ ನಿಂತು ಸುಮಾರು ಎರಡು ಗಂಟೆ ಕಾದು, ಮತ್ತೆ ಇಳಿದು, ಹೆಚ್ಚುವರಿ ಸಮಯದಲ್ಲಿ 4–1ರಿಂದ ಗೆದ್ದಿತ್ತು. ಕ್ವಾರ್ಟರ್ ಫೈನಲ್‌ನ ಹಿಂದಿನ ದಿನ ಪೋರ್ಚುಗಲ್‌ನ ಆಟಗಾರ ಡಿಯೊಗೊ ಜೋಟ ತಮ್ಮನ ಜೊತೆ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರ ಗೆಳೆಯ, ಚೆಲ್ಸಿಯ ಪೆಡ್ರೊ ನೆಟೊ, ಅಣ್ಣತಮ್ಮಂದಿರಿಬ್ಬರ ಹೆಸರಿದ್ದ ಅಂಗಿಯನ್ನು ಹಿಡಿದು ಮೌನಾಚರಣೆಯಲ್ಲಿ ನಿಂತ ಚಿತ್ರ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಫೈನಲ್‌ನಲ್ಲಿ ಅದೇ ನೆಟೊಗೆ ಕೊಟ್ಟ ಕೆಲಸ ಮುಂಪಡೆಯದ್ದಾದರೂ ಅವರು ಪಿಎಸ್‌ಜಿಯ ಅಶ್ರಫ್ ಹಕೀಮಿಯ ಬೆನ್ನು ಬಿಡದೆ ತಮ್ಮ ಗೋಲಿನವರೆಗೂ ಓಡಿಬರುತ್ತಿದ್ದರು. ಅವರು ಅಂದು ಗೋಲು ಹಾಕಲಿಲ್ಲ, ಆದರೂ ನಮ್ಮ ಕಣ್ಣು ಮತ್ತೆ ಮತ್ತೆ ಅವರ ಕಡೆಗೇ ಹೋಗುತ್ತಿತ್ತು.

ಮೊದಲ ಹತ್ತು ನಿಮಿಷದಲ್ಲಿಯೇ ಏನೋ ಬೇರೆಯಾಗಿದೆ ಎನ್ನಿಸಿತು. ಮುತ್ತಿಗೆ ಹಾಕುತ್ತಿದ್ದವರು ಚೆಲ್ಸಿಯವರು. ಪಿಎಸ್‌ಜಿಯ ಒಬ್ಬೊಬ್ಬರಿಗೂ ಒಬ್ಬೊಬ್ಬರು ಅಂಟಿಕೊಂಡಿದ್ದರು. ಎಂಟನೇ ನಿಮಿಷದಲ್ಲಿ ಕೋಲ್ ಪಾಮರ್ ಹೊಡೆದ ಚೆಂಡು ಕಂಬದ ಹೊರಗಿಂದ ಸವರಿ ಬಲೆಯನ್ನು ಅಲುಗಿಸಿದಾಗ ಮೊಮ್ಮಗ ಗೋಲೆಂದೇ ಎದ್ದು ಕುಣಿದ. ಚೆಲ್ಸಿಯ ಕೋಚ್ ಎಂಜೊ ಮರೆಸ್ಕ ಪಂದ್ಯದ ನಂತರ, ಗೆದ್ದದ್ದು ಆ ಮೊದಲ ಹತ್ತು ನಿಮಿಷದಲ್ಲಿಯೇ ಎಂಬರ್ಥದ ಮಾತಾಡಿದರು.

22ನೇ ನಿಮಿಷ. ಚೆಲ್ಸಿಯ ಗೋಲ್‌ಕೀಪರ್ ರಾಬರ್ಟ್ ಸಾಂಚೆಜ್ ಹತ್ತಿರದವರಿಗೆ ಪಾಸ್ ಕೊಡದೆ, ಚೆಂಡನ್ನು ಬಲ ಅಂಚಿಗೆ ಉದ್ದಕ್ಕೆ ಎತ್ತಿ ಹೊಡೆದರು. ಪಿಎಸ್‌ಜಿಯ ಲೆಫ್ಟ್ ಬ್ಯಾಕ್ ನೂನೊ ಮೆಂಡೆಸ್, ಈಗ ಆ ಜಾಗದಲ್ಲಿ ಜಗತ್ತಿನಲ್ಲೇ ಉತ್ತಮ ಆಟಗಾರ ಎಂದು ನಾನು ನಂಬಿರುವವರು, ಅದರ ಅಂದಾಜು ತಪ್ಪಿದರು. ಮಾಲೊ ಗುಸ್ಟೊ ಅದನ್ನು ಹಿಡಿದು ಒಳನುಗ್ಗಿ ಹೊಡೆದದ್ದನ್ನು ಪಿಎಸ್‌ಜಿಯ ಬೆರಾಲ್ಡೊ ತಡೆದರು. ಮರಳಿ ಬಂದ ಚೆಂಡನ್ನು ಗುಸ್ಟೊ ಹಿಂದಿದ್ದ ಪಾಮರ್‌ಗೆ ಕೊಟ್ಟರು. ಪಾಮರ್ ಬಲ ಹಾಕಲಿಲ್ಲ. ಎಡಗಾಲಿನ ಒಳಬದಿಯಿಂದ, ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿದಷ್ಟು ಜಾಗ್ರತೆಯಿಂದ, ಮೂಲೆಗೆ ಕಳಿಸಿದರು.

ಅಳಿಯ ಕುಣಿಯಲಿಲ್ಲ. ಅವನೂ ಲೆಫ್ಟ್ ಬ್ಯಾಕ್ ಆದ್ದರಿಂದ ಮೆಂಡೆಸ್‌ರನ್ನೇ ನೋಡುತ್ತಿದ್ದ. "ಪಾಪ, ಅವರು ಮುಂದೆ ಬಂದಿದ್ದರು. ಹಿಂದೆ ಜಾಗ ಖಾಲಿ ಬಿತ್ತು" ಎಂದ. ಭಾವ ಕುರ್ಚಿಯಿಂದ ಮುಂದಕ್ಕೆ ಬಾಗಿ, "ಕೆಸರಿನ ಮೇಲಿಂದ ಎತ್ತಿ ಹಾಕಿದ್ದಾರೆ ನೋಡು. ಗಟ್ಟಿ ನೆಲ ಎಲ್ಲಿದೆ ಅಂತ ಮೊದಲೇ ನೋಡಿಟ್ಟಿದ್ದಾರೆ" ಎಂದರು. ಆಗಲೇ ಕರೆಂಟ್ ಹೋಯಿತು. ಬಲ್ಬು ಆರಿತು, ಟಿವಿ ಮಾತ್ರ ಯುಪಿಎಸ್ ಮೇಲೆ ಉಳಿಯಿತು.

30ನೇ ನಿಮಿಷದಲ್ಲಿ ಮತ್ತೆ ಅದೇ ಬದಿ. ಲೀವೈ ಕೋಲ್ವಿಲ್ ಹಿಂದಿನಿಂದ ಉದ್ದದ ಪಾಸ್ ಹಾಕಿದರು, ಪಾಮರ್ ಬಲದಲ್ಲಿ ಅದನ್ನು ಹಿಡಿದು ಒಳಕ್ಕೆ ತಿರುಗಿದರು. ಇಲ್ಲಿ ಎರಡು ಓಟಗಳನ್ನು ಗಮನಿಸಬೇಕು. ಮುಂದೆ ಜೋವಾವ್ ಪೆಡ್ರೊ ಓಡಿ ಡಿಫೆಂಡರ್‌ಗಳನ್ನು ತಮ್ಮೊಡನೆ ಎಳೆದೊಯ್ದರು. ಪಾಮರ್ ಅವರಿಗೇ ಪಾಸ್ ಕೊಡುವಂತೆ ಸೊಂಟ ತಿರುಗಿಸಿ, ಎದುರಿದ್ದವರ ಹೆಜ್ಜೆ ಆ ಕಡೆಗೆ ಬಿದ್ದ ಕ್ಷಣದಲ್ಲಿ ಮೊದಲಿನ ಮೂಲೆಗೇ ಮತ್ತೆ ಕಳಿಸಿದರು. ಅದರ ರೀಪ್ಲೇ ಮೂರು ಸಲ ಬಂತು. ಮೂರು ಸಲವೂ ಲೈನ್‌ಮನೆಯ ಹಿರಿಯರು ಕತ್ತಲಲ್ಲಿ ತಮ್ಮ ಕಾಲನ್ನು ಅದೇ ರೀತಿ ತಿರುಗಿಸಿದ್ದನ್ನು ಟಿವಿಯ ಬೆಳಕಿನಲ್ಲಿ ನಾನು ನೋಡಿದೆ.

43ನೇ ನಿಮಿಷದಲ್ಲಿ ಪಾಮರ್ ಕೊಟ್ಟ ಪಾಸಿಗೆ ಜೋವಾವ್ ಪೆಡ್ರೊ ಓಡಿ, ಮುಂದೆ ಬಂದ ಪಿಎಸ್‌ಜಿಯ ದೈತ್ಯ ಗೋಲ್‌ಕೀಪರ್ ಡೊನ್ನರುಮ್ಮರ ಮೇಲಿಂದ ಚೆಂಡನ್ನು ಮೆಲ್ಲಗೆ ಚಿಮ್ಮಿಸಿದರು. 3–0. ಈ ಪೆಡ್ರೊ ಜುಲೈ ಆರಂಭದಲ್ಲಷ್ಟೇ ಬ್ರೈಟನ್‌ನಿಂದ ಚೆಲ್ಸಿಗೆ ಬಂದವರು. ಸೆಮಿಫೈನಲ್‌ನಲ್ಲಿ, ತಮ್ಮನ್ನು ಬಾಲ್ಯದಿಂದ ಬೆಳೆಸಿದ ಫ್ಲುಮಿನೆನ್ಸ್ ಕ್ಲಬ್ಬಿಗೇ ಎರಡು ಗೋಲು ಹಾಕಿ, ಸಂಭ್ರಮಿಸದೆ ಕೈ ಎತ್ತಿ ಕ್ಷಮೆ ಕೇಳಿದ್ದರು. ಅಂದು ತಡೆಹಿಡಿದದ್ದೆಲ್ಲ ಈ ಗೋಲಿನ ನಂತರ ಹೊರಬಂದಂತೆ ನನಗೆ ತೋರಿತು.

ವಿರಾಮದಲ್ಲಿ ಹಾಡು-ಕುಣಿತದ ಕಾರ್ಯಕ್ರಮವಿತ್ತು. ಫಿಫಾ ಫೈನಲ್‌ನಲ್ಲಿ ಹೀಗೆ ನಡೆದದ್ದು ಇದೇ ಮೊದಲು. ಅದರಿಂದ ವಿರಾಮ ಹದಿನೈದು ನಿಮಿಷದ ಮಿತಿ ಮೀರಿತು. ಬೆವರಿದ ಆಟಗಾರರನ್ನು ಅಷ್ಟು ಹೊತ್ತು ಕೂರಿಸುವುದು ತಪ್ಪು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಕ್ಕ ಅಷ್ಟರಲ್ಲಿ ಎಲ್ಲರಿಗೂ ಕಾಫಿ ಮಾಡಿ ತಂದಳು.

ಎರಡನೆಯ ಅವಧಿಯಲ್ಲಿ ಪಿಎಸ್‌ಜಿ ಬಹಳ ಒತ್ತಿತು. ಉಸ್ಮಾನ್ ಡೆಂಬೆಲೆ ಹತ್ತಿರದಿಂದ ಹೊಡೆದದ್ದನ್ನು ಸಾಂಚೆಜ್ ಕೈಚಾಚಿ ಹೊರಹಾಕಿದರು. ಆ ತಂಡ ದಣಿದಿತ್ತು, ದೀರ್ಘ ಋತುವಿನ ಕೊನೆಯ ಪಂದ್ಯವಾಗಿತ್ತು ಎಂದು ಹಲವರು ಹೇಳುತ್ತಾರೆ. ದಣಿವು ಇದ್ದದ್ದು ನಿಜ. ಬಯರ್ನ್ ವಿರುದ್ಧ ಕೆಂಪು ಕಾರ್ಡ್ ಪಡೆದಿದ್ದ ಡಿಫೆಂಡರ್ ಪಾಚೊ ಫೈನಲ್‌ಗೆ ಇರಲಿಲ್ಲವೆಂಬುದೂ ನಿಜ. ಆದರೆ ಚೆಲ್ಸಿಯವರೂ ಅಷ್ಟೇ ದೀರ್ಘ ಋತುವನ್ನು ಮುಗಿಸಿ ಬಂದವರು. ಒಂದೇ ಬದಿಯನ್ನು ಆರಿಸಿ, ಅಲ್ಲಿಗೇ ಮತ್ತೆ ಮತ್ತೆ ಚೆಂಡನ್ನು ಎತ್ತಿ ಹಾಕಿ ಪಂದ್ಯವನ್ನು ತೆಗೆದುಕೊಂಡವರಿಂದ ಆ ಗೌರವವನ್ನು ಕಸಿಯಬಾರದು.

84ನೇ ನಿಮಿಷದ ಹೊತ್ತಿಗೆ ಚಿತ್ರ ನಿಂತಿತು. ಟವರ್ ಕೈಕೊಟ್ಟಿತ್ತು. ಭಾವನ ಫೋನಿನಲ್ಲಿದ್ದ ಇನ್ನೊಂದು ಸಿಮ್‌ಗೆ ಎರಡು ಕಡ್ಡಿ ಸಿಗ್ನಲ್ ಇತ್ತು. ಕಿಟಕಿಯ ಸರಳಿನ ಹತ್ತಿರ ಅದನ್ನು ಹಿಡಿದರೆ ಮಾತ್ರ ಆಟ ಓಡುತ್ತಿತ್ತು. ಆರು ತಲೆಗಳು ಆ ಅಂಗೈಯಗಲದ ಪರದೆಯ ಮೇಲೆ ಬಾಗಿದೆವು. ಚೆಲ್ಸಿಯ ಕುಕುರೆಯಾರ ಕೂದಲು ಹಿಡಿದೆಳೆದ ಪಿಎಸ್‌ಜಿಯ ಜೋವಾವ್ ನೆವೆಸ್‌ಗೆ ವಿಡಿಯೋ ನೋಡಿದ ರೆಫರಿ ಅಲಿರೆಜಾ ಫಘಾನಿ ಕೆಂಪು ಕಾರ್ಡ್ ತೋರಿಸಿದ್ದನ್ನು ಹಾಗೆಯೇ ನೋಡಿದೆವು. ಮುಕ್ತಾಯದ ಶಿಳ್ಳೆಯ ನಂತರ ತಳ್ಳಾಟ ನಡೆಯಿತು, ಎನ್ರಿಕೆಯವರ ಕೈ ಜೋವಾವ್ ಪೆಡ್ರೊ ಮುಖಕ್ಕೆ ಹೋಯಿತು. ಅಷ್ಟು ಸೊಗಸಾದ ತಂಡವನ್ನು ಕಟ್ಟಿದವರಿಂದ ಅದು ಆಗಬಾರದಿತ್ತು. ಪಾಮರ್ ಟೂರ್ನಿಯ ಶ್ರೇಷ್ಠ ಆಟಗಾರರಾದರು, ಸಾಂಚೆಜ್ ಶ್ರೇಷ್ಠ ಗೋಲ್‌ಕೀಪರ್, ಸೋತ ತಂಡದ ದೆಸಿರೆ ದುವೆ ಶ್ರೇಷ್ಠ ಯುವ ಆಟಗಾರ. ಚೆಲ್ಸಿಯ ನಾಯಕ ರೀಸ್ ಜೇಮ್ಸ್ ಕಪ್ ಎತ್ತುವಾಗ ನಮ್ಮ ಗಡಿಯಾರದಲ್ಲಿ ಮೂರು ಗಂಟೆ ಕಳೆದಿತ್ತು.

ಜುಲೈ 14, ಸೋಮವಾರ

ಎದ್ದಾಗ ಎಂಟು. ಭಾವ ಆಗಲೇ ಅಂಗಳದಲ್ಲಿ ಕೂತು, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಿದ್ದರು. ಮೂರು ಇಂಚು ಹತ್ತು ಸೆಂಟ್. ಅಳಿಯ ಕಾಲೇಜಿಗೆ ಹೊರಡುವ ಮುಂಚೆ ಮನೆಯ ಹಿಂದಿನ ಕಣದಲ್ಲಿ ಚೆಂಡನ್ನು ಎಡಗಾಲಿನಿಂದ ಎತ್ತರಕ್ಕೆ ಹೊಡೆದು, ಓಡಿ ಹಿಂದಕ್ಕೆ ಬಂದು ಅದರ ಕೆಳಗೆ ನಿಲ್ಲುವುದನ್ನು ಮತ್ತೆ ಮತ್ತೆ ಮಾಡುತ್ತಿದ್ದ. ಮೆಂಡೆಸ್ ತಪ್ಪಿದ ಚೆಂಡನ್ನು ತಾನು ಹಿಡಿಯುವುದು ಹೇಗೆಂದು ನೋಡುತ್ತಿದ್ದಾನೆಂದು ಕೇಳದೆಯೇ ತಿಳಿಯಿತು.

ಅಕ್ಕ ಕಟ್ಟಿಕೊಟ್ಟ ಅಕ್ಕಿ ರೊಟ್ಟಿಯ ಪೊಟ್ಟಣ ಹಿಡಿದು ಸುಂಟಿಕೊಪ್ಪ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಚಹಾ ಹೋಟೆಲಿನಲ್ಲಿ ಕುಳಿತೆ. ಹೋಟೆಲಿನವರ ಕಣ್ಣು ಕೆಂಪಾಗಿತ್ತು. "ಎರಡನೇ ಗೋಲಿನವರೆಗೆ ನೋಡಿದೆ, ಆಮೇಲೆ ನೆಟ್‌ವರ್ಕ್ ಹೋಯಿತು. ಮೂರನೆಯದು ಹೇಗಾಯಿತು, ನೀವು ನೋಡಿದಿರಾ?" ಎಂದು ಕೇಳಿದರು. ನಾನು ಸಕ್ಕರೆ ಡಬ್ಬಿಯನ್ನು ಪಾಮರ್ ಮಾಡಿ, ಉಪ್ಪಿನ ಬಾಟಲಿಯನ್ನು ಪೆಡ್ರೊ ಮಾಡಿ, ನನ್ನ ಚಹಾ ಗ್ಲಾಸನ್ನು ಡೊನ್ನರುಮ್ಮ ಮಾಡಿ ಮೇಜಿನ ಮೇಲೆ ಇಟ್ಟು ತೋರಿಸಿದೆ. ಹೊರಗೆ ಮೈಸೂರು ಬಸ್ಸು ಬಂದು ಹಾರ್ನ್ ಮಾಡಿತು. ಅವರು ಅತ್ತ ನೋಡಲಿಲ್ಲ, ನಾನೂ ಏಳಲಿಲ್ಲ. ಗ್ಲಾಸನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿ, "ಕೀಪರ್ ಇಲ್ಲೇ ನಿಂತಿದ್ದರೆ?" ಎಂದು ಕೇಳಿದರು.